ಹೈಪೋ, ಹೈಪರ್ ಮತ್ತು ಹೆತ್ತೆಯ ಹರಕೆ

ಸಕ್ಕರೆ ಕಾಯಿಲೆಯ ಮಾತ್ರೆಗೆ ತಿಂಗಳಿಗೆ ಮುನ್ನೂರು, ಬಿಪಿ ಮಾತ್ರೆಗೆ ನೂರೈವತ್ತು, ಥೈರಾಯ್ಡಿಗೆ ನೂರಿಪ್ಪತ್ತು. ಊಟಿಗೆ ಹೋಗಿ ರಕ್ತ ಕೊಟ್ಟು ಬರುವ ಖರ್ಚು ಬೇರೆ. ಟೀ ಎಲೆ ಕಿತ್ತ ದುಡ್ಡು ಹೀಗೇ ಕರಗುತ್ತಿತ್ತು. ಕಮಲಂಗೆ ಅದಕ್ಕಿಂತ ಹೆಚ್ಚು ತಲೆನೋವು ಆ ಕಾಯಿಲೆಗಳ ಇಂಗ್ಲಿಷ್ ಹೆಸರು. ಯಾವುದನ್ನು ಕೇಳಿದರೂ 'ಹೈಪ' ಎಂದೇ ಶುರು.

ಊಟಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಮೋನಿಷಾ ಬಿಡಿಸಿ ಹೇಳಿದ್ದಳು. "ಹೈಪೋ ಅಂದ್ರೆ ಕಮ್ಮಿ ಮಾಮಿ, ಹೈಪರ್ ಅಂದ್ರೆ ಜಾಸ್ತಿ. ನಿಮ್ಮ ಥೈರಾಯ್ಡ್ ಹೈಪೋ, ಮಾಮನ ಬಿಪಿ ಹೈಪರ್. ಅವರ ಸಕ್ಕರೆ ಮಾತ್ರ ಎರಡೂ ಕಡೆ ಹೋಗುತ್ತೆ."

"ನಿಮ್ಮ ಮಾಮನ ಹಾಗೇ ಅನ್ನು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು."

ಆಗ ಇಬ್ಬರೂ ನಕ್ಕಿದ್ದರು.

ಕುಲದೇವತೆ ಹೆತ್ತೆಯ ಹಬ್ಬದ ದಿನ ಹಟ್ಟಿಯವರೆಲ್ಲ ಬಿಳಿ ಬಟ್ಟೆ ಉಟ್ಟು ಬರಿಗಾಲಲ್ಲಿ ಗುಡಿಗೆ ಹೊರಟರು. ಕಾಣಿಕೆ ಹಾಕುವ ತನಕ ಉಪವಾಸ ಎಂದು ಕಮಲಂಳ ಗಂಡ ಹಾಲನ್ ಹರಕೆ ಹೊತ್ತಿದ್ದ. "ಹರಕೆ ಇರಲಿ, ಒಂದು ಲೋಟ ಗಂಜಿ ಕುಡಿದೇ ಬನ್ನಿ" ಎಂದು ಹೇಳಿ ಕಮಲಂ ಹೆಂಗಸರ ಜೊತೆ ಮುಂದೆ ಹೋಗಿದ್ದಳು. ಅವನು ತಲೆಯಾಡಿಸಿದ್ದ.

ಎಮರಾಲ್ಡ್ ಊರು ದಾಟಿದ ಮೇಲೆ ಹಿಂದಿನಿಂದ ಯಾರೋ ಕೂಗಿದ್ದು ಕೇಳಿ ಕಮಲಂ ತಿರುಗಿ ಓಡಿದಳು. ಹಾಲನ್ ಟೀ ಅಂಗಡಿಯ ಎದುರು ಮೋರಿಯ ಕಟ್ಟೆ ಮೇಲೆ ಕೂತಿದ್ದ. ಮಂಜು ಬೀಳುವ ಚಳಿಯಲ್ಲಿ ಅವನ ರುಮಾಲು ಬೆವರಿಗೆ ತೊಯ್ದಿತ್ತು. ಕೈ ನಡುಗುತ್ತಿತ್ತು. "ಮನೆಗೆ ಹೋಗೋಣ, ಹಸುಗೆ ನೀರಿಟ್ಟಿಲ್ಲ" ಎಂದ. ಹಸು ಮಾರಿ ಎರಡು ವರ್ಷವಾಗಿತ್ತು.

ಕಮಲಂ ಸೊಸೆಗೆ ಫೋನ್ ಹಚ್ಚಿದಳು, ಸಿಗ್ನಲ್ ಇಲ್ಲ. ಕಮ್ಮಿ, ಜಾಸ್ತಿ ಎರಡೂ ಅರ್ಥ ನೆನಪಿದೆ. ಆದರೆ ಎದುರಿಗಿರುವುದು ಯಾವುದು? ಜಾಸ್ತಿಯಾಗಿದ್ದು ಸಕ್ಕರೆ ಕೊಟ್ಟರೆ? ಕಮ್ಮಿಯಾಗಿದ್ದು ಕೊಡದೆ ಬಿಟ್ಟರೆ?

ಅವನ ಗಲ್ಲ ಹಿಡಿದು ಕೇಳಿದಳು. "ಬೆಳಿಗ್ಗೆ ಸಕ್ಕರೆ ಮಾತ್ರೆ ತಗೊಂಡ್ರಾ?"

"ಹೂಂ. ಇಲ್ಲಾಂದ್ರೆ ನೀನು ಬೈತೀಯ."

"ಗಂಜಿ?"

"ಹೆತ್ತೆಗೆ ಕಾಣಿಕೆ ಹಾಕದೆ ಗಂಜಿಯಾ? ಮಾತ್ರೆ ಊಟ ಅಲ್ಲವಲ್ಲ..."

ಅಷ್ಟು ಸಾಕಾಯಿತು. ಇರುವ ಸಕ್ಕರೆಯನ್ನು ಇಳಿಸಲು ಮಾತ್ರೆ ಒಳಗೆ ಹೋಗಿದೆ, ಹೊಸದಾಗಿ ಹೊಟ್ಟೆಗೆ ಏನೂ ಬಿದ್ದಿಲ್ಲ. ಒಲೆಗೆ ಸೌದೆ ಹಾಕದೆ ಊದುತ್ತಲೇ ಇದ್ದರೆ ಏನಾಗುತ್ತದೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅಂಗಡಿಯ ಡಬ್ಬದಿಂದ ಸಕ್ಕರೆ ಬಾಚಿ ಲೋಟದ ನೀರಿಗೆ ಸುರಿದಳು.

ಹಟ್ಟಿಯ ಹಿರಿಯ ಧರ್ಮಲಿಂಗಂ ಅವಳ ಕೈ ಹಿಡಿದ. "ಸಕ್ಕರೆ ಕಾಯಿಲೆಯವನಿಗೆ ಸಕ್ಕರೆಯಾ? ಅದೂ ಹರಕೆ ಮುರಿದು? ಹೆತ್ತೆ ಸುಮ್ಮನಿರ್ತಾಳಾ?"

"ಅವಳೂ ಹೆತ್ತವಳೇ ಅಣ್ಣ. ಕೋಪ ಬಂದ್ರೆ ನನ್ನ ಮೇಲೆ ಬರಲಿ. ಕೈ ಬಿಡಿ."

ಬಾಯಿ ಮುಚ್ಚಿಕೊಂಡ ಹಾಲನ್‌ಗೆ ಬೈದು, ಬೇಡಿಕೊಂಡು, ಗುಟುಕು ಗುಟುಕಾಗಿ ಕುಡಿಸಿದಳು. ಅವನು ನುಂಗುತ್ತಾನೋ ಇಲ್ಲವೋ ಎಂದು ಪ್ರತಿ ಗುಟುಕಿಗೂ ಗಂಟಲು ನೋಡಿದಳು. ಸ್ವಲ್ಪ ಹೊತ್ತಿಗೆ ನಡುಕ ಇಳಿಯಿತು. ಹಾಲನ್ ಲೋಟ ನೋಡಿದ, ಹೆಂಡತಿಯನ್ನು ನೋಡಿದ. ಏನಾಯಿತೆಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡ.

"ಮುರಿದುಬಿಟ್ಟೆಯಲ್ಲೇ."

"ಮುರಿದೆ. ಈಗ ಈ ಬನ್ನೂ ತಿನ್ನಿ."

ಜೀಪು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಆ ವರ್ಷ ಅವರ ಮನೆಯ ಕಾಣಿಕೆ ಗುಡಿ ಸೇರಲಿಲ್ಲ, ಹಾಲನ್ ವಾರವಿಡೀ ಹೆಂಡತಿಯ ಹತ್ತಿರ ಮಾತು ಬಿಟ್ಟ. ಆದರೆ ಮನುಷ್ಯ ಉಳಿದ.