ಬಿಲ್ಲಿನ ಬೆನ್ನು ಕಟ್ಟಿದ ಅಂಬಣ್ಣ

ಅಂಬಣ್ಣನ ದವಡೆ ಸುಮ್ಮನಿದ್ದದ್ದನ್ನು ಗಡಿಯೂರು ಗುಂಜೋಟಿಯಲ್ಲಿ ಯಾರೂ ಕಂಡವರಿಲ್ಲ. ನಡೆಯುವಾಗ, ಕುರಿಗಳ ಮೇಲೆ ಕಣ್ಣಾಡಿಸುವಾಗ, ಬೀರಪ್ಪನ ಗುಡಿಯ ಮುಂದೆ ಕೈಮುಗಿದು ನಿಂತಾಗಲೂ ಅದು ತನ್ನ ಪಾಡಿಗೆ ತಾನು ಅಲ್ಲಾಡುತ್ತಲೇ ಇರುತ್ತದೆ. ಹೊಸಬರು ಎಲೆಯಡಿಕೆ ಎಂದುಕೊಳ್ಳುತ್ತಾರೆ; ತಂಬಾಕೆಂದು ತಿಳಿದು ಚಿಟಿಕೆ ಕೇಳಿದವರೂ ಉಂಟು. ಅಂಥವರಿಗೆ ಅವನು ಬಾಯಿಂದ ಒಂದೆಳೆ ಹೊರಗೆಳೆದು ತೋರಿಸುತ್ತಾನೆ, ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದು ಕುರಿಯ ಹಿಂಗಾಲಿನ ಒಣನರ. ಕಲ್ಲಿನ ಮೇಲಿಟ್ಟು ಜಜ್ಜಿ, ನೂಲಿನಂತೆ ಬಿಡಿಸಿದ್ದು. ಒಡೆದ ಕೊಡಲಿಯ ಕಾವು, ಸೀಳಿದ ಕೋಲು, ಹರಿದ ಚಪ್ಪಲಿ, ಯಾವುದೇ ಇರಲಿ, ಅಂಬಣ್ಣ ಅದನ್ನು ಈ ನರದಿಂದಲೇ ಕಟ್ಟುತ್ತಾನೆ. ನೀರಿನಲ್ಲಿ ನೆನೆಸಿದರೂ ನರ ಮೆತ್ತಗಾಗುತ್ತದೆ, ಆದರೆ ಬಾಯಿಯ ಬಿಸಿಗೆ ಒಲಿದಂತೆ ನೀರಿಗೆ ಒಲಿಯುವುದಿಲ್ಲವೆಂಬುದು ಅವನ ಅಚಲ ಸಿದ್ಧಾಂತ. ಬಾಯಿ ತುಂಬಿರುವುದರಿಂದ ಮಾತು ಕಡಿಮೆ. ಲೋಕದ ಬಹುಪಾಲು ಪ್ರಶ್ನೆಗಳಿಗೆ ಅವನ ಉತ್ತರ ಒಂದು "ಹುಂ".

ಅವನ ಇನ್ನೊಂದು ಗುರುತು ಖಾಕಿ ಕೋಟು. ಬಸ್ ಕಂಡಕ್ಟರನಾಗಿ ನಿವೃತ್ತನಾದ ಷಡ್ಡಕ ಕೊಟ್ಟದ್ದು. ಕೊಟ್ಟಾಗಲೇ ಹಳೆಯದು, ಈಗಂತೂ ಅದರ ಬಣ್ಣ ಹೇಳಬೇಕಾದರೆ ನೆನಪಿನ ಸಹಾಯ ಬೇಕು. ಟಿಕೆಟ್ಟು, ಚಿಲ್ಲರೆಗಳಿಗೆಂದು ಹೊಲಿದ ಜೇಬುಗಳಲ್ಲಿ ನರದ ಕಟ್ಟುಗಳೂ ಒಣ ತೊಗಲಿನ ಚೂರುಗಳೂ ಸೇರಿಕೊಂಡಿರುವುದರಿಂದ, ಉಮರ್ಗಾದ ಸಂತೆಗೆ ಹೋದ ದಿನ ಬಸ್ ನಿಲ್ದಾಣದಿಂದಲೇ ಬೀದಿನಾಯಿಗಳು ಅವನ ಬೆನ್ನು ಹತ್ತುತ್ತವೆ. ಜೀವನವಿಡೀ ಕುರಿಯ ವೇಗದಲ್ಲಿ ನಡೆದವನು ಒಬ್ಬನೇ ಇದ್ದರೂ ಹಾಗೆಯೇ ನಡೆಯುತ್ತಾನೆ: ನಾಲ್ಕು ಹೆಜ್ಜೆ, ಒಂದು ನಿಲುಗಡೆ, ಹಿಂತಿರುಗಿ ಒಂದು ನೋಟ. ಹಿಂದಿರುವ ನಾಯಿಗಳೂ ನಿಂತು ಅವನ ಮುಖ ನೋಡುತ್ತವೆ. ಈ ಮೆರವಣಿಗೆಯನ್ನು ಕಂಡು ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಗೌರವ ಬಂತು. ಈಗ ಎರಡೂ ಒಟ್ಟಿಗೇ ಬರುತ್ತವೆ. ಆ ಗೌರವಕ್ಕೆ ಕಾರಣ ಒಂದು ಬಿಲ್ಲು.

ದೀಪಾವಳಿ ಕಳೆದ ಮೇಲೆ ಅಂಬಣ್ಣನ ಬಳಗದವರು ಕುರಿ ಹೊಡೆದುಕೊಂಡು ನಿಲಂಗಾ ದಾಟಿ ಉದಗೀರದ ಆಚೆಯವರೆಗೆ ಮೇವು ಹುಡುಕುತ್ತ ಹೋಗುತ್ತಾರೆ. ಮುಂಗಾರಿಗೆ ಮುನ್ನ ಮರಳುತ್ತಾರೆ. ಹೊರಡುವ ದಿನ ಹಿಂಡನ್ನು ಬೀರಪ್ಪನ ಗುಡಿಯ ಮುಂದೆ ನಿಲ್ಲಿಸಿ, ಭಂಡಾರದ ಅರಿಶಿನ ತೂರಿ, ಗುಡಿಯಲ್ಲಿಟ್ಟ ಬಿಲ್ಲಿನಿಂದ ತಾವು ಹೋಗುವ ದಿಕ್ಕಿಗೆ ಒಂದು ಮೊಂಡುಬಾಣ ಬಿಡುವುದು ಆ ಬಳಗದ ಪದ್ಧತಿ. ಬಾಣ ಹಾರಿದ ಮೇಲೆಯೇ ಕುರಿ ಹೆಜ್ಜೆ ಕೀಳಬೇಕು. ಬಿಲ್ಲು ಕಟ್ಟುವ, ಎಳೆಯುವ ಹಕ್ಕು ಅಂಬಣ್ಣನ ಮನೆತನದ್ದು. ಅವನ ತಂದೆ ಕಟ್ಟಿದ ಬಿಲ್ಲು ಒಂದು ತಲೆಮಾರು ಬಾಳಿ, ಒಂದು ವರ್ಷ ಬಾಣ ಹಾರಿದ ಗಳಿಗೆಯಲ್ಲೇ, ಎಲ್ಲರ ಕಣ್ಣೆದುರಿಗೆ, ಅಂಬಣ್ಣನ ಕೈಯಲ್ಲಿ ಲಟ್ಟನೆ ಮುರಿಯಿತು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ, ಎರಡು ತುಂಡುಗಳನ್ನು ಕೋಟಿನೊಳಗಿಟ್ಟುಕೊಂಡು ಅವನು ಉದಗೀರದವರೆಗೆ ತಲೆ ತಗ್ಗಿಸಿಯೇ ನಡೆದ.

ಮರಳಿ ಬಂದ ಮೇಲೆ ಬಳಗದ ಹಿರಿಯ ರೇವಣಸಿದ್ಧ ಎಲ್ಲರನ್ನೂ ಕೂಡಿಸಿದ. ಕೆಟ್ಟವನಲ್ಲ, ಮುಂದಾಲೋಚನೆಯ ಮನುಷ್ಯ.

"ಸೋಲಾಪುರದಾಗ ಫೈಬರಿನ ಬಿಲ್ಲು ಸಿಗ್ತದಂತ. ಒಮ್ಮಿ ತಂದು ಇಟ್ರ ಮುರಿಯೂ ಚಿಂತಿ ಇಲ್ಲ," ಎಂದ.

ಅಂಬಣ್ಣ ಬಾಯಿಯ ನರವನ್ನು ಒಂದು ದವಡೆಗೆ ಸರಿಸಿದ. "ಮುರಿಯಲಾರದ್ದಕ್ಕ ದೇವರ ಆಸರ ಯಾಕ ಬೇಕು, ಕಾಕಾ?"

ರೇವಣಸಿದ್ಧ ಒಂದು ಕರಾರಿಗೆ ಬಂದ. ಮುಂದಿನ ಸಲ ಹೊರಡುವ ಹೊತ್ತಿಗೆ ಅಂಬಣ್ಣನ ಹೊಸ ಬಿಲ್ಲು ಬಾಣ ಬಿಡಬೇಕು. ಇಲ್ಲವಾದರೆ ಗುಡಿಗೆ ಫೈಬರಿನದು ಬರುತ್ತದೆ, ಬಿಲ್ಲು ಕಟ್ಟುವ ಹಕ್ಕು ಅಲ್ಲಿಗೆ ಮುಗಿಯುತ್ತದೆ.

ಬಿಲ್ಲನ್ನು ಎಳೆದಾಗ ಹಿಗ್ಗುವುದು ಅದರ ಬೆನ್ನು, ಎಂದರೆ ಬಿಲ್ಲುಗಾರನ ಮುಖಕ್ಕೆ ಆಚೆ ಇರುವ ಬದಿ, ಮುರಿಯುವುದೂ ಅಲ್ಲಿಂದಲೇ. ಕಟ್ಟಿಗೆಗೆ ಹಿಗ್ಗಿ ಅಭ್ಯಾಸವಿಲ್ಲ, ನರಕ್ಕಿದೆ. ಆದ್ದರಿಂದ ಕುರುಬರ ಕೋಲಿಗೆ ಒದಗುವ ಧಾಮಣ ಮರದ ಕಟ್ಟಿಗೆಯನ್ನು ಹೆರೆದು ಹದ ಮಾಡಿ, ಅದರ ಬೆನ್ನಿನ ಉದ್ದಕ್ಕೂ ನರದ ಎಳೆಗಳನ್ನು ಅಂಟಿಸಬೇಕು. ಅಂಟು ಕುರಿಯ ತೊಗಲನ್ನೇ ಬೇಯಿಸಿ ತೆಗೆದದ್ದು. ಅಲ್ಲಿಯವರು ಅದನ್ನು ಸರಸ ಎನ್ನುತ್ತಾರೆ. ಅದು ಕುದಿಯಬಾರದು, ಕುದಿದರೆ ಕಸುವು ಹೋಗುತ್ತದೆ. ಬೆರಳು ತಾಳುವಷ್ಟೇ ಬಿಸಿಯಿರಬೇಕು. ಅಂಬಣ್ಣನ ಹೆಂಡತಿ ತುಳಜಾಬಾಯಿ ಒಲೆಯ ಮುಂದೆ ಕೂತು ಬೆಂಕಿಯನ್ನು ಹಿಂದೆ ಮುಂದೆ ಸರಿಸುತ್ತಿದ್ದಳು. ಅಂಬಣ್ಣ ಬಾಯಿಂದ ಎಳೆ ತೆಗೆದು, ಸರಸದಲ್ಲಿ ಅದ್ದಿ, ಬಿಲ್ಲಿನ ಮೇಲೆ ನೀಟಾಗಿ ಮಲಗಿಸಿ, ಹೆಬ್ಬೆರಳಿನಿಂದ ನೇವರಿಸುತ್ತಿದ್ದ. ಎಳೆಗೂಸಿನ ಬೆನ್ನಿಗೆ ಎಣ್ಣೆ ಹಚ್ಚುವ ತಾಯಿಯ ಕೈಯಲ್ಲಿರುವ ಮೃದುತ್ವವನ್ನು ನಾನು ಆ ಒರಟು ಹೆಬ್ಬೆರಳಿನಲ್ಲಿ ಕಂಡೆ. ಬಳಿಕ ಉಳಿಯುವುದು ಒಣಗಿಸುವ ಕೆಲಸ, ಮತ್ತು ಅದು ಮನುಷ್ಯನ ಕೈಯಲ್ಲಿಲ್ಲ.

ಇಲ್ಲಿಯೇ ಅಂಬಣ್ಣ ಎಡವಿದ. ಕುರಿ ಸಾಕುವವರು ಬೆಲೆಬಾಳುವ ಏನನ್ನೇ ಆದರೂ ಕುರಿದೊಡ್ಡಿಯ ಅಟ್ಟದ ಮೇಲೆ ಇಡುತ್ತಾರೆ. ಸುತ್ತ ನಾಯಿಗಳ ಕಾವಲಿರುವಾಗ ಕಳ್ಳ ಬಾರನೆಂಬ ಧೈರ್ಯ. ಬಿಲ್ಲೂ ಅಲ್ಲಿಗೇ ಹೋಯಿತು. ಮಳೆಗಾಲದಲ್ಲಿ ತೊಯ್ದು ಬಂದ ಹಿಂಡಿನ ಉಸಿರೂ ಹಬೆಯೂ ಮೇಲೆದ್ದು ಅಟ್ಟವನ್ನು ತುಂಬುತ್ತದೆಂಬುದು ಅವನಿಗೆ ಹೊಳೆಯಲೇ ಇಲ್ಲ. ಕೆಲವು ವಾರಗಳ ಮೇಲೆ ಇಳಿಸಿ ನೋಡಿದರೆ ಸರಸ ಅಂಬಲಿಯಂತೆ ಸಡಿಲಾಗಿ, ನರದ ಹಾಸು ಬಿಲ್ಲಿನ ಬೆನ್ನಿನಿಂದ ಎದ್ದು ಜೋತುಬಿದ್ದಿತ್ತು. ತುಳಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಬಣ್ಣ ಬಿಸಿನೀರು ತರಿಸಿ, ಒಂದೊಂದೇ ಎಳೆ ಬಿಡಿಸತೊಡಗಿದ. ಈ ಅಂಟಿನ ದೊಡ್ಡತನವೇ ಅದು: ತಪ್ಪಾಗಿ ಹಿಡಿದದ್ದನ್ನು ಬಿಸಿನೀರು ಸೋಕಿದರೆ ಬಿಟ್ಟುಕೊಡುತ್ತದೆ.

"ಹೋಗಿದ್ದೇನದ? ನರ ಇಲ್ಲೇ ಅದ, ಕಟ್ಟಿಗಿ ಇಲ್ಲೇ ಅದ," ಎಂದ. ಆಮೇಲೆ ಆಕಾಶ ನೋಡಿದ. "ದಿನಾ ಹೋದವು ನೋಡು."

ಎರಡನೆಯ ಸಲ ಕಟ್ಟಿದ ಬಿಲ್ಲಿಗೆ ಒಣ ಜಾಗ ಬೇಕಾಯಿತು. ಊರಲ್ಲಿ ಗಾಳಿ ಬಿಸಿಲು ಚೆನ್ನಾಗಿ ಆಡುವ ಎತ್ತರದ ಮಾಳಿಗೆ ವೀರಭದ್ರನದು. ಅವನು ಲಿಂಗಾಯತ ರೈತ, ಹಣೆತುಂಬ ವಿಭೂತಿ, ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಮುಖ ಸಿಂಡರಿಸುವ ಹೆಂಡತಿ ಕಸ್ತೂರಬಾಯಿ. ಆದರೆ ವರ್ಷವರ್ಷವೂ ಅವನ ಹೊಲದಲ್ಲಿ ರಾತ್ರಿಯೆಲ್ಲ ಕುರಿ ತರುಬಿಸಿ ಗೊಬ್ಬರ ಕೊಟ್ಟವನು ಅಂಬಣ್ಣ. ಬಿಲ್ಲು ಹಿಡಿದು ಅಂಗಳದಲ್ಲಿ ನಿಂತವನನ್ನು ವೀರಭದ್ರ ಮೂಗು ಮುಚ್ಚಿಕೊಂಡೇ ವಿಚಾರಿಸಿದ.

"ಮ್ಯಾಲ ಹಚ್ಚಿದ್ದು ಏನ್ರೀ ಇದು, ಅಂಬಣ್ಣಾ?"

"ಹುಂ."

"ತಿಳೀತು ಬಿಡ್ರಿ. ಮಾಳಗಿ ಮ್ಯಾಲ ಇಡ್ರಿ. ಒಳಗ ಮಾತ್ರ ತರಬ್ಯಾಡ್ರಿ, ಆಕಿ ನನ್ನ ಹೊರಗ ಹಾಕ್ತಾಳ."

ಮೊದಲ ವಾರ ಕಸ್ತೂರಬಾಯಿ ಮಾಳಿಗೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಕಾಲದ ಮೋಡ ಕವಿದಾಗ, ಓಡಿಹೋಗಿ ಸೀರೆಯ ತುದಿಯಲ್ಲಿ ಆ ಬಿಲ್ಲನ್ನು ಹಿಡಿದು ಪಡಸಾಲೆಗೆ ತಂದಿಟ್ಟವಳು ಆಕೆಯೇ. ಮುಂದೆ ಹನಿ ಬಿದ್ದಾಗಲೆಲ್ಲ ಹಾಗೆಯೇ ಮಾಡಿದಳು, ಆ ಬಗ್ಗೆ ಯಾರೂ ಮಾತೆತ್ತಕೂಡದೆಂಬ ಬಿಗಿ ಮುಖದಿಂದ.

ಹನಿ ಮಾತ್ರ ನಿಲ್ಲಲಿಲ್ಲ. ದೀಪಾವಳಿ ಮುಗಿದು ಹೊರಡುವ ದಿನ ಬಂತು. ಹಿಂಡು ಗುಡಿಯ ಮುಂದೆ ಕಿಕ್ಕಿರಿದು ಒದರುತ್ತಿತ್ತು, ಸುತ್ತಲಿನ ಹುಲ್ಲು ಮುಗಿದಿತ್ತು, ಭಂಡಾರ ತೂರಿಯಾಗಿತ್ತು. ಅಂಬಣ್ಣ ಬಿಲ್ಲನ್ನೆತ್ತಿ ಅದರ ಬೆನ್ನನ್ನು ಕೆಳತುಟಿಗೆ ತಾಗಿಸಿ ನಿಂತ. ಒಣಗಿದ ನರ ತುಟಿಗೆ ಬೆಚ್ಚಗೆ ತಾಗುತ್ತದೆ, ಒಳಗೆ ಹಸಿಯಿದ್ದರೆ ತಣ್ಣಗೆ. ಅದು ತಣ್ಣಗಿತ್ತು.

"ಇನ್ನಾ ಒಣಗಿಲ್ಲ," ಎಂದ.

ಜನರಲ್ಲಿ ಗುಜುಗುಜು ಎದ್ದಿತು. ಯಾರೋ ಹತ್ತಿರ ಬಂದು, "ಸ್ವಲ್ಪೇ ಎಳಿ ಅಣ್ಣಾ, ಯಾರಿಗಿ ಗೊತ್ತಾಗ್ತದ?" ಎಂದು ಪಿಸುಗುಟ್ಟಿದರು.

"ನರಕ್ಕ ಗೊತ್ತಾಗ್ತದ."

ಸುಲಭದ ದಾರಿ ಕೈಯಲ್ಲೇ ಇತ್ತು. ಅರ್ಧ ಎಳೆದು ಬಾಣ ಬಿಟ್ಟಿದ್ದರೆ ಕರಾರು ಗೆಲ್ಲುತ್ತಿದ್ದ, ಮಾನ ಉಳಿಯುತ್ತಿತ್ತು. ಆದರೆ ಒಳಗೊಳಗೇ ನರ ಜಾರಿದ ಬಿಲ್ಲು ಮುಂದೆಂದೋ ಅವನ ಮನೆತನದ ಇನ್ನೊಬ್ಬರ ಕೈಯಲ್ಲಿ ಮುರಿಯುತ್ತಿತ್ತು. ಅವನು ಎಳೆಯಲಿಲ್ಲ. ಕಳೆದ ವರ್ಷ ಮುರಿದ ಜಾಗದಲ್ಲೇ, ಅದೇ ಜನರೆದುರು, ಸೋತವನಂತೆ ನಿಂತ. ಅಂದು ಆ ಮುಖ ನೋಡಿ ನನಗೆ ಸಂಕಟವಾಯಿತು. ರೇವಣಸಿದ್ಧ ಕರಾರಿನ ಮಾತೆತ್ತುವಷ್ಟರಲ್ಲಿ ತುಳಜಾಬಾಯಿ ಗಂಟುಮೂಟೆಯನ್ನು ಕುದುರೆಯ ಮೇಲೆ ಹೇರಿ ಮುಂದೆ ಬಂದಳು.

"ಕಾಕಾ, ಕುರಿ ಹಸ್ಕೊಂಡು ನಿಂತಾವ. ಬೀರಪ್ಪ ನಮಗಿಂತ ಹಳೀ ಕುರುಬ, ಅಂವಗ ತಿಳೀತದ. ಕುರಿ ಮುಂದ ಹೋಗ್ಲಿ. ಬಾಣ ಹಿಂದಿಂದ ಬರ್ತದ."

ಹಸಿದ ಹಿಂಡಿನೆದುರು ವಾದ ಬೆಳೆಸುವ ಕುರುಬನಿಲ್ಲ. "ಹಿಂಡು ಉದಗೀರದಾಗ ಹೊಳ್ಳೂ ತನಕ ಟೈಮ್ ಕೊಟ್ಟೀನಿ," ಎಂದು ರೇವಣಸಿದ್ಧ ಕೋಲು ಬೀಸಿದ. ಬಾಣವಿಲ್ಲದೆ ಹಿಂಡು ಹೊರಟದ್ದು ಅದೇ ಮೊದಲು.

ಹಗಲೆಲ್ಲ ಬಿಲ್ಲು ಕುದುರೆಯ ಹೇರಿನ ಮೇಲೆ ನೆಟ್ಟಗೆ ಕೂತು ಬಿಸಿಲು ಗಾಳಿ ಕುಡಿಯಿತು. ಸಂಜೆಯಾಗುತ್ತಲೇ ಇಬ್ಬನಿ ತಾಗದಂತೆ ಕಂಬಳಿಯೊಳಗೆ ಸೇರಿತು. "ಬಿಲ್ಲಿಗಿ ಟಿಕೆಟ್ ತಗದೀರೇನ್ರೀ, ಕಂಡಕ್ಟರ್ ಸಾಹೇಬ್ರ?" ಎಂದು ಹುಡುಗರು ಛೇಡಿಸಿದರು. ಅಂಬಣ್ಣ ಜಗಿಯುತ್ತ ನಡೆದ. ನಿಲಂಗಾ ದಾಟುವ ಹೊತ್ತಿಗೆ ಛೇಡಿಸುವವರು ಕಡಿಮೆಯಾದರು, ಏಕೆಂದರೆ ಬಿಲ್ಲು ತಾನಾಗಿಯೇ ಬಾಗತೊಡಗಿತ್ತು. ಒಣಗಿ ಕುಗ್ಗುತ್ತಿದ್ದ ನರ ಗಟ್ಟಿ ಕಟ್ಟಿಗೆಯನ್ನು ತನ್ನ ಕಡೆಗೆ, ಎಳೆಯುವ ದಿಕ್ಕಿಗೆ ವಿರುದ್ಧವಾಗಿ, ದಿನದಿನಕ್ಕೂ ಸೆಳೆದುಕೊಳ್ಳುತ್ತಿತ್ತು. ಯಾರೂ ಮುಟ್ಟದ ಬಿಲ್ಲು ಹೀಗೆ ಬಲ ತುಂಬಿಕೊಳ್ಳುವುದನ್ನು ನೋಡಲು ರೇವಣಸಿದ್ಧನೂ ನೆಪ ಮಾಡಿಕೊಂಡು ಕುದುರೆಯ ಹತ್ತಿರ ನಡೆಯತೊಡಗಿದ.

ಉದಗೀರದ ಆಚೆ, ಹಿಂಡು ತಿರುಗಬೇಕಾದ ಬಯಲಿನಲ್ಲಿ, ಒಂದು ಬೆಳಗ್ಗೆ ಅಂಬಣ್ಣ ಬಿಲ್ಲನ್ನು ತುಟಿಗೆ ತಾಗಿಸಿದ. ಆಮೇಲೆ ಮೊಣಕಾಲಿಗೆ ಕೊಟ್ಟು ಹೆದೆಯೇರಿಸಿದ. ಆಗ ಎಲ್ಲರೂ ಕಂಡರು: ಅಂಬಣ್ಣನ ದವಡೆ ನಿಂತಿತ್ತು. ತುಳಜಾಬಾಯಿ ಭಂಡಾರದ ಚೀಲವನ್ನು ಎದೆಗೊತ್ತಿ ಹಿಡಿದಳು. ಅವನು ಎಳೆದ, ಕಿವಿಯವರೆಗೂ ಎಳೆದ; ಬಿಲ್ಲು ನರಳಲಿಲ್ಲ, ಬಾಣ ಸೀಳಿಕೊಂಡು ಹೋಗಿ ದೂರದ ಜೋಳದ ಹೊಲದಂಚಿಗೆ ಬಿತ್ತು. ಆದರೆ ಅದು ಹಾರಿದ್ದು ಅವರು ಬಂದ ದಾರಿಯ ಕಡೆಗೆ.

"ಅತ್ತ ಯಾಕ ಬಿಟ್ಟಿ?" ಎಂದ ರೇವಣಸಿದ್ಧ.

"ಹೋಗೂ ದಿಕ್ಕಿಗಿ ಬಿಡೂದಲ್ಲೇನು, ಕಾಕಾ. ಇನ್ನ ಹೋಗೂದು ಮನೀಗೇ."

ತುಳಜಾಬಾಯಿ ಮುಷ್ಟಿ ತುಂಬ ಭಂಡಾರ ತೂರಿದಳು. ರೇವಣಸಿದ್ಧ ಬಿಲ್ಲನ್ನು ಕೇಳಿ ಪಡೆದು, ಅದರ ಬೆನ್ನನ್ನು ತನ್ನ ತುಟಿಗೂ ಒಮ್ಮೆ ತಾಗಿಸಿ, ಹಣೆಗೊತ್ತಿಕೊಂಡು ಮರಳಿಸಿದ. ಫೈಬರಿನ ಮಾತು ಆಮೇಲೆ ಬರಲಿಲ್ಲ. ಈಗ ಆ ಬಳಗದವರು ಹೊರಡುವಾಗ ಒಂದು ಬಾಣ, ತಿರುಗುವಾಗ ಒಂದು ಬಾಣ ಬಿಡುತ್ತಾರೆ.

ಚುರುಕಾಗಿ ಕೆಲಸ ಮಾಡುವವರನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ತನ್ನ ಪಾಲಿನದನ್ನು ಮಾಡಿ ಮುಗಿಸಿ, ಕೈ ಹಿಂದಕ್ಕೆ ತೆಗೆದುಕೊಂಡು, ಉಳಿದದ್ದನ್ನು ಗಾಳಿ ಬಿಸಿಲುಗಳು ಮಾಡಿ ಮುಗಿಸುವವರೆಗೂ ನಾಲ್ಕು ಜನರ ನಗೆಯ ನಡುವೆ ಅಲುಗದೆ ನಿಲ್ಲಬಲ್ಲವರು ಬೇರೆಯೇ ಒಂದು ಜಾತಿಯವರು. ಅವರು ಜೊತೆಗಿದ್ದಾಗ ನಮಗೆ ಅವಸರ, ಸಿಟ್ಟು, ಕೆಲವೊಮ್ಮೆ ನಾಚಿಕೆ ಕೂಡ. ಅವರು ಅವಸರಪಟ್ಟು ಎಳೆಯದೆ ಬಿಟ್ಟ ಬಿಲ್ಲಿನ ಬಲದಿಂದಲೇ ನಾವೆಲ್ಲ ಮನೆ ಸೇರಿದೆವೆಂದು ತಿಳಿಯುವುದು ಮನೆ ಸೇರಿದ ಮೇಲೆಯೇ.