ಬೂದು ಕಲ್ಲು ಎಳೆದ ಕೆಂಪು ಗೆರೆ

ನಾನು ಒಂದು ಬಿಳಿ ಪಿಂಗಾಣಿ ಬಿಲ್ಲೆ. ಅಂಗೈಯಷ್ಟೂ ಅಗಲವಿಲ್ಲ. ಕಾರ್ಖಾನೆಯ ಭಟ್ಟಿಯಲ್ಲಿ ಬೆಂದು ಹೊರಬಂದಾಗ ನನ್ನ ಜೊತೆಯವರಿಗೆಲ್ಲ ಗಾಜಿನಂಥ ಹೊಳಪು ಬಳಿದರು. ಅವರು ತಟ್ಟೆ, ಬಟ್ಟಲುಗಳಾಗಿ ಹೋದರು. ನನ್ನನ್ನು ಒರಟಾಗಿಯೇ ಬಿಟ್ಟರು. ಯಾಕೆಂದು ತಿಳಿದದ್ದು ಕಾಲೇಜಿನ ಭೂವಿಜ್ಞಾನ ಲ್ಯಾಬ್ ಸೇರಿದ ಮೇಲೆ. ನನ್ನ ಮೇಲೆ ಕಲ್ಲು ಉಜ್ಜಿದರೆ ಅದರ ಪುಡಿ ಗೆರೆಯಾಗಿ ಮೂಡುತ್ತದೆ. ಗೆರೆಯ ಬಣ್ಣ ನೋಡಿ ಕಲ್ಲಿನ ಗುರುತು ಹಿಡಿಯುತ್ತಾರೆ.

ಮಂದಾಕಿನಿ ಎಂಬ ವಿದ್ಯಾರ್ಥಿನಿಗೆ ಖನಿಜ ಹುಡುಕುವ ಇಲಾಖೆಯಲ್ಲಿ ಕೆಲಸ ಸಿಕ್ಕಾಗ ಅವಳ ಮೇಷ್ಟ್ರು ನನ್ನನ್ನು ಉಡುಗೊರೆಯಾಗಿ ಕೊಟ್ಟರು. ಅವಳ ಚೀಲದಲ್ಲಿ ಕುಳಿತು ಚಿತ್ರದುರ್ಗದ ಕಡೆಯ ಗುಡ್ಡವೊಂದಕ್ಕೆ ಬಂದೆ. ಮೂರು ತಿಂಗಳು ಅಗೆದರೂ ಅಲ್ಲಿ ಹೊಸದೇನೂ ಸಿಗಲಿಲ್ಲ. ಮರುದಿನ ಕ್ಯಾಂಪ್ ಎತ್ತುವುದೆಂದು ಹಿರಿಯ ಅಧಿಕಾರಿ ಸದ್ಯೋಜಾತಪ್ಪ ಹೇಳಿಬಿಟ್ಟರು. ಮಂದಾಕಿನಿಗೆ ಊಟ ಸೇರಲಿಲ್ಲ.

ಆ ಮಧ್ಯಾಹ್ನ ಕಲ್ಲು ಒಡೆಯುವ ತಿಪ್ಪಕ್ಕ ಸೆರಗಿನಲ್ಲಿ ಏನನ್ನೋ ಹಿಡಿದು ಬಂದಳು. "ಅಮ್ಮಾರೆ, ಇದು ಬ್ಯಾರೆ ಐತೆ ನೋಡ್ರಿ."

ಬೂದು ಬಣ್ಣ, ಲೋಹದ ಮಿಂಚು. ಮಂದಾಕಿನಿ ನನ್ನ ಮೇಲೆ ಉಜ್ಜಿದಳು. ಕೆಂಪು ಗೆರೆ!

"ಕಬ್ಬಿಣದ ಅದಿರಮ್ಮ. ಅದರ ಗೆರೆಯೂ ಕೆಂಪೇ ತಾನೆ?" ಎಂದರು ಸದ್ಯೋಜಾತಪ್ಪ, ತಲೆ ಎತ್ತದೆ.

"ಕಬ್ಬಿಣದ ಕಲ್ಲು ನನ್ನ ಸುತ್ತಿಗೇನೇ ಎಗರಿಸ್ತೈತೆ ಸಾಹೇಬ್ರೆ. ಇದು ಬೆಲ್ಲದಂಗೆ ಪುಡಿಯಾತು," ಎಂದಳು ತಿಪ್ಪಕ್ಕ.

ಮಂದಾಕಿನಿ ತಟ್ಟನೆ ಅವಳ ಬೆರಳಿನ ತಾಮ್ರದ ಉಂಗುರ ಕೇಳಿ, ಅದರ ಅಂಚಿನಿಂದ ಕಲ್ಲನ್ನು ಗೀರಿದಳು. ಗೀರು ಬಿತ್ತು. ಕಬ್ಬಿಣದ ಅದಿರಾಗಿದ್ದರೆ ಉಂಗುರವೇ ಸವೆಯಬೇಕಿತ್ತು. ತೆಳುವಾದ ಒಂದು ಚಕ್ಕೆಯನ್ನು ಬಿಸಿಲಿಗೆ ಹಿಡಿದು ಮಸೂರದಲ್ಲಿ ನೋಡಿದಳು. ಬೂದು ಚಕ್ಕೆಯ ಅಂಚು ದಾಳಿಂಬೆ ಕಾಳಿನಂತೆ ಕೆಂಪಗೆ ಬೆಳಗಿತು.

"ಸಾರ್, ನೀವೇ ನೋಡಿ." ಚಕ್ಕೆ, ಮಸೂರ ಎರಡನ್ನೂ ಅವರತ್ತ ಚಾಚಿದಳು.

ಸದ್ಯೋಜಾತಪ್ಪ ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು. "ಕೆಂಪು ಬೆಳ್ಳಿಯ ಅದಿರು ಇರಬೇಕು! ಮೂವತ್ತು ವರ್ಷದಲ್ಲಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ. ಬೆಳಕಿಗೆ ಕಪ್ಪಾಗುತ್ತೆ, ಬೇಗ ಸುತ್ತಿಡಮ್ಮ. ತಿಪ್ಪಕ್ಕಾ, ನನ್ನದೇ ತಪ್ಪಾಯ್ತು!"

ಕ್ಯಾಂಪ್ ಎತ್ತಲಿಲ್ಲ. ಹದಿನೈದು ದಿನಕ್ಕೆ ಲ್ಯಾಬಿನ ಉತ್ತರ ಬಂತು: ಪೈರಾರ್ಜೈರೈಟ್; ಬೆಳ್ಳಿ, ಆಂಟಿಮನಿ, ಗಂಧಕ ಮೂರೂ ಕೂಡಿದ ಅಪರೂಪದ ಖನಿಜ. ವರದಿಯಲ್ಲಿ 'ಮೊದಲು ಕಂಡವರು' ಎಂಬಲ್ಲಿ ಮಂದಾಕಿನಿ ತಿಪ್ಪಕ್ಕನ ಹೆಸರು ಬರೆದು ಓದಿ ಹೇಳಿದಳು. "ಇನ್ನೊಂದ್ ಸಲ ಓದ್ರಿ ಅಮ್ಮಾರೆ," ಎಂದು ತಿಪ್ಪಕ್ಕ ನಾಲ್ಕು ಬಾರಿ ಓದಿಸಿಕೊಂಡಳು. ಬೇರೆ ಊರಿಗೆ ವರ್ಗವಾದಾಗ ಮಂದಾಕಿನಿ ನನ್ನನ್ನು ಅವಳ ಕೈಗಿಟ್ಟು ಹೋದಳು.

ಈಗ ನಾನು ತಿಪ್ಪಕ್ಕನ ಮನೆಯ ಕಿಟಕಿಯಲ್ಲಿದ್ದೇನೆ. ಒಂದು ಮೂಲೆ ಮುರಿದಿದೆ, ಮೈಯೆಲ್ಲ ಗೆರೆ. ಊರಿನಲ್ಲಿ ಯಾರಿಗೆ ಮಿಂಚುವ ಕಲ್ಲು ಸಿಕ್ಕರೂ ಇಲ್ಲಿಗೇ ಬರುತ್ತಾರೆ. ಅವಳು ಗಂಭೀರವಾಗಿ ಉಜ್ಜಿ, "ಕಾಗೆಬಂಗಾರ, ತಗಂಡೋಗು," ಎಂದು ನಗುತ್ತಾಳೆ. ಬಂದವರೂ ನಗುತ್ತಾರೆ. ಆದರೂ ಪ್ರತಿ ಕಲ್ಲು ನನ್ನನ್ನು ಮುಟ್ಟುವ ಮುಂಚಿನ ಆ ಒಂದು ಗಳಿಗೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರಲ್ಲ, ಆಗ ನನಗೆ ವಯಸ್ಸಾದದ್ದೇ ಮರೆತುಹೋಗುತ್ತದೆ.