ತೂಕದವರ ಕಾಡು

ಚಳಿಗಾಲ ಇನ್ನೇನು ಮುಗಿಯುತ್ತಿತ್ತು. ಬೆಳಗ್ಗೆ ಏಳರ ಹೊತ್ತಿಗೆ ನಾಲ್ಕು ಜನ ಸೇರಿ ಮುಂದಿನ ಕೋಣೆಯ ಮೇಜನ್ನು ಹೊರಗೆ ಸಾಗಿಸುತ್ತಿದ್ದರು. ದೇಹ ಇಡಲು ಜಾಗ ಬೇಕಿತ್ತು. ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಓರೆ ಮಾಡ್ರಪ್ಪ. ಭಾವ ಜೀವಮಾನವೆಲ್ಲ ಲಾರಿ ತೂಗಿದ್ರು, ಇದರ ತೂಕ ಮಾತ್ರ ನಮಗೆ ಬಿಟ್ಟು ಹೋದ್ರು," ಎಂದ ಸತ್ತವರ ಹೆಂಡತಿಯ ತಮ್ಮ. ದರ್ಜಿ ಅವನು. ದುಃಖ ಬಂದಾಗ ತಮಾಷೆ ಮಾಡುವುದು ಅವನ ಅಭ್ಯಾಸ.

ಸತ್ತವರು ಬೀದಿಗೆಲ್ಲ ತೂಕದವರು. ಊರಾಚೆ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತರು. ಅಲ್ಲಿನ ಗೂಡಿನಂಥ ಕೋಣೆಯಲ್ಲಿ, ಒಂದು ಲಾರಿ ಹೋಗಿ ಇನ್ನೊಂದು ಬರುವುದರೊಳಗೆ, ಅವರು ಕಾಡಿನ ಸಾಹಸದ ಕಾದಂಬರಿಗಳನ್ನು ಬರೆದರು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಪುಸ್ತಕಗಳು. ತಿಂಗಳಿಗೊಂದು ಭಾಗ. ಮೇಲಿದ್ದ ಹೆಸರು ಬೇರೆ. ಹಿಂಬದಿಯ ಫೋಟೋದಲ್ಲಿ ಬೂಟು ಹಾಕಿ ಬಂದೂಕು ಹಿಡಿದು ನಿಂತವನು ಪ್ರಕಾಶಕರ ಷಡ್ಡಕ. ಈ ಗುಟ್ಟು ಗೊತ್ತಿದ್ದದ್ದು ಪ್ರಕಾಶಕರ ಮನೆಯವರಿಗೆ ಮತ್ತು ತೂಕದವರ ಹೆಂಡತಿಗೆ, ಅಷ್ಟೇ. ತಮ್ಮನಿಗೂ ಗೊತ್ತಿರಲಿಲ್ಲ.

ಪ್ರಕಾಶಕರು ಹೂ ಹಿಡಿದು ಬಂದರು. ಪಾದದ ಹತ್ತಿರ ಇಟ್ಟು, ಆಕೆಯನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ಅಮ್ಮಾ, ಇವತ್ತು ಯಾರ ಹತ್ರಾನೂ ಬಾಯಿ ಬಿಡಬೇಡಿ. ಮುಂದಿನ ಪುಸ್ತಕ ಆಗಲೇ ಬೇರೊಬ್ಬರು ಬರೀತಿದಾರೆ. ಹೆಸರು ನಡೀಬೇಕು."

"ಹೆಸರು ನಡೆಯುತ್ತೆ. ಇವರನ್ನ ಎತ್ಕೊಂಡು ಹೋಗ್ತಾರೆ."

"ಓದುವವರು ಬೇಟೆಗಾರ ಅಂತ ನಂಬಿದಾರೆ. ಗುಮಾಸ್ತ ಅಂತ ಗೊತ್ತಾದ್ರೆ ಯಾರು ಮುಟ್ತಾರೆ ಹೇಳಿ?"

ಆಕೆ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಣ್ಣಿಗಿಡುವ ಮೊದಲು ಓದಿದವರಲ್ಲಿ ಒಬ್ಬರಾದರೂ ಅವರು ಯಾರೆಂದು ತಿಳಿದು ಆ ಮುಖ ನೋಡಲಿ ಎಂಬುದೊಂದೇ ಆಸೆ ಉಳಿದಿತ್ತು.

ಆಮೇಲೆ ಬಂದವನು ಒಬ್ಬ ಲಾರಿ ಡ್ರೈವರ್. ಟವೆಲ್ಲಿನಿಂದ ಮುಖ ಒರೆಸಿಕೊಂಡು ಆಕೆಯ ಪಕ್ಕ ನೆಲದ ಮೇಲೆ ಕೂತ.

"ನಾನು ಓದಿದ ಕಾಡಿನ ಕತೆನೆಲ್ಲ ಕೇಳ್ತಿದ್ದೋರು ಇವರೊಬ್ಬರೇ ಅಕ್ಕ. ನನ್ನ ಹೆಂಡತಿ ಮೊದಲನೇ ಹುಲಿ ಬರೋದ್ರೊಳಗೆ ಗೊರಕೆ ಹೊಡೀತಾಳೆ."

*

ಹಿಂದೊಂದು ವರ್ಷ ಬಿಡದೆ ಮಳೆ ಹಿಡಿದಿತ್ತು. ಕತೆಯ ನಾಯಕ ಆನೆ ಹಿಡಿಯುವ ಗುಂಡಿಗೆ ಬಿದ್ದಿದ್ದ. ಅವನನ್ನು ಹೇಗೆ ಮೇಲೆತ್ತುವುದೆಂದು ಬರೆದವರಿಗೇ ತಿಳಿಯದೆ ಊಟ ಸೇರುತ್ತಿರಲಿಲ್ಲ. ಡ್ರೈವರ್ ಆ ತಿಂಗಳ ಭಾಗ ಓದಿ ಮುಗಿಸಿ, ತೂಕದ ಚೀಟಿಗೆ ಕೈ ಚಾಚಿಕೊಂಡೇ ಕತೆ ಹೇಳಿದ.

"ಆಮೇಲೆ?" ಎಂದರು ಗುಮಾಸ್ತರು.

"ಆಮೇಲಿಂದು ಇನ್ನೂ ಬಂದಿಲ್ಲ."

"ನೀನಾಗಿದ್ರೆ ಏನು ಮಾಡ್ತಿದ್ದೆ?"

"ಬೇರು ಹಿಡ್ಕೊಂಡು ಹತ್ತೋದೆಲ್ಲ ಹಳೇದು ಸಾರ್. ಹಿಂಗೇ ಮಳೆ ಹುಯ್ಯಲಿ, ಗುಂಡಿ ತುಂಬಲಿ. ಅವನು ತೇಲ್ಕೊಂಡು ಮೇಲೆ ಬರಲಿ."

ಮುಂದಿನ ತಿಂಗಳು ನಾಯಕ ತೇಲಿ ಮೇಲೆ ಬಂದ. ಎಷ್ಟು ಸಲ ಅಚ್ಚಾಯಿತೋ ಆ ಪುಸ್ತಕ. ಜನ ಅದನ್ನು ಗುಂಡಿಯ ಕತೆ ಎಂದೇ ಕರೆದರು. "ನೋಡಿದ್ರಾ ಸಾರ್," ಎಂದಿದ್ದ ಡ್ರೈವರ್, "ಅಷ್ಟು ದೊಡ್ಡ ಬೇಟೆಗಾರರೂ ನನ್ನ ಹಾಗೇ ಯೋಚನೆ ಮಾಡಿದಾರೆ." ಗುಮಾಸ್ತರು ಚೀಟಿ ಹರಿದು ಕೈಗೆ ಕೊಟ್ಟಿದ್ದರು.

*

"ಆ ಕಾಡಿನ ಕತೆಗಳನ್ನ ಬರೆದವರು ಇವರೇ ಕಣಪ್ಪ," ಎಂದಳು ಆಕೆ.

ಡ್ರೈವರ್ ನೀರಿನ ಲೋಟ ಮುಂದೆ ಸರಿಸಿದ. "ದುಃಖದಲ್ಲಿ ಏನೇನೋ ಅನ್ಸುತ್ತೆ ಅಕ್ಕ. ಒಂದು ಗುಟುಕು ಕುಡೀರಿ."

"ಗುಂಡಿಗೆ ನೀರು ತುಂಬಲಿ ಅಂದಿದ್ದು ನೀನು. ಅವತ್ತು ಒದ್ದೆ ಬಟ್ಟೇಲೇ ಕೂತು ಬರೆದ್ರು. ಲಾರಿಯವನು ನನ್ನ ಮೇಲೆತ್ತಿದ ಕಣೇ ಅಂದ್ರು."

ಆ ಮಾತನ್ನು ಅವನು ತೂಕದ ಗೂಡಿನ ಹತ್ತಿರ ಬಿಟ್ಟು ಬೇರೆಲ್ಲೂ ಆಡಿರಲಿಲ್ಲ. ಎದ್ದು ಹೋಗಿ ದೇಹದ ತಲೆಯ ಕಡೆ ನಿಂತ. ಬಹಳ ಹೊತ್ತು ಮುಖ ನೋಡಿದ. ಹೊರಗೆ ವ್ಯಾನ್ ಬಂತೆಂದು ಯಾರೋ ಹೇಳಿದರೂ ಸರಿಯಲಿಲ್ಲ.

"ಯಾವ ಕಾಡಲ್ಲಿದ್ರು ಅಕ್ಕ, ಮುಂಚೆ?"

"ಯಾವ ಕಾಡೂ ಇಲ್ಲ. ರಜಾ ಸಿಗಲಿಲ್ಲ. ರಜಾ ಸಿಕ್ಕಾಗ ಕಾಲಲ್ಲಿ ಶಕ್ತಿ ಇರಲಿಲ್ಲ."

"ವಾರ ವಾರ ಕಾಡು ದಾಟ್ತೀನಿ ನಾನು. ಒಂದು ಮಾತು ಹೇಳಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ."

"ಯಾಕೆ ಅಂತ ನೀನು ಕೇಳ್ತಿದ್ದೆ. ಬಾಯಲ್ಲಿ ಸುಳ್ಳು ಹೇಳೋಕೆ ಅವರಿಗೆ ಬರ್ತಿರಲಿಲ್ಲ."

ಮಣ್ಣು ಹಾಕಿ ಮುಗಿದ ಮೇಲೆ ಪ್ರಕಾಶಕರು ಹತ್ತಿರ ಬಂದರು. "ಯಾರಿಗೂ ಹೇಳಿಲ್ಲ ತಾನೆ?"

"ಒಬ್ಬನಿಗೆ ಹೇಳಿದೆ."

ಪಕ್ಕದಲ್ಲಿದ್ದ ಡ್ರೈವರ್ ಅಂಗೈಯ ಮಣ್ಣು ಕೊಡವಿಕೊಂಡ. "ಹೆದರಬೇಡಿ ಸ್ವಾಮಿ. ನಾನು ಯಾರಿಗೂ ಹೇಳಲ್ಲ. ಮುಂದಿನದನ್ನ ಓದೋದೂ ಇಲ್ಲ."

ಪ್ರಕಾಶಕರು ಅಂದೇ, ಬುಧವಾರ ಮಧ್ಯಾಹ್ನ ಹೊರಟರು. ಆಕೆಯ ತಮ್ಮ ಶುಕ್ರವಾರದವರೆಗೆ ಇದ್ದು, ಹೊಲಿಯುವ ಬಟ್ಟೆ ರಾಶಿ ಬಿದ್ದಿದೆ ಅಕ್ಕ ಎಂದು ಹೋದ. ಭಾನುವಾರ ನಸುಕಿನಲ್ಲಿ ಲಾರಿ ಬಂದು ಮನೆ ಮುಂದೆ ನಿಂತಿತು. ಆಕೆ ಬೀಗ ಹಾಕಿ, ಎತ್ತರದ ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿದಳು. ಡ್ರೈವರ್ ಆ ಕಡೆಯ ಗಾಜನ್ನು ಪೂರ್ತಿ ಇಳಿಸಿದ. ಆಕೆ ಒಳಕ್ಕೆ ಸರಿದು ಸೀಟಿನ ನಡುವೆ ಕೂತಳು. ಕಿಟಕಿಯ ಪಕ್ಕದ ಜಾಗ ಖಾಲಿ ಇದ್ದಂತೆಯೇ ಲಾರಿ ಕಾಡಿನ ಕಡೆ ಹೊರಟಿತು.